ಲೆಕ್ಕ ಬರುತ್ತೆ, ಇಂಟರ್‌ವ್ಯೂ ಬರಲ್ಲ: ಆಟಿಸಂ ಇರುವ ಮಗನಿಗೆ ಇಡೀ ದಿನದ ಕೆಲಸ ಹೇಗೆ?

ಪ್ರಶ್ನೆ: ನನ್ನ ಮಗನಿಗೆ 25 ವರ್ಷ. ಚಿಕ್ಕವನಿದ್ದಾಗಲೇ ಮೈಸೂರಿನ ವಾಕ್ ಶ್ರವಣ ಸಂಸ್ಥೆ ಆಯಿಷ್‌ನಲ್ಲಿ ತೋರಿಸಿದ್ದೆವು, ಆಟಿಸಂ ಅಂದರು. ಮಾತು ಕಡಿಮೆ, ಆದರೆ ಓದಿನಲ್ಲಿ ಚುರುಕು. ಬಿ.ಕಾಂ. ಮುಗಿಸಿದ್ದಾನೆ. ಟ್ಯಾಲಿ, ಎಕ್ಸೆಲ್ ಚೆನ್ನಾಗಿ ಬರುತ್ತೆ. ಇಂಟರ್‌ವ್ಯೂಗೆ ಕರೆದುಕೊಂಡು ಹೋದರೆ ಒಳಗೆ ಸುಮ್ನೆ ಕೂತು ಎದ್ದು ಬರುತ್ತಾನೆ. ಒಮ್ಮೆ ಪರಿಚಯದ ಆಡಿಟರ್ ಆಫೀಸಿಗೆ ಸೇರಿಸಿದ್ದೆವು. ಎರಡು ತಿಂಗಳಿಗೆ, ‘ಕೆಲಸ ತಪ್ಪಿಲ್ಲ, ಆದರೆ ಹೊಂದಿಕೊಳ್ಳಲ್ಲ, ಕಕ್ಷಿದಾರರ ಎದುರೇ ನನ್ನ ತಪ್ಪು ತೋರಿಸಿದ’ ಅಂತ ಬಿಡಿಸಿಬಿಟ್ಟರು. ಯಜಮಾನರು ಅಂಚೆ ಇಲಾಖೆಯಿಂದ ನಿವೃತ್ತರು. ಮನೆ ಮುಂದೆ ಅಂಗಡಿ ಹಾಕಿಕೊಡೋಣ ಅಂತಾರೆ. ಕೆಲಸಕ್ಕೆ ಸೇರಿದರೆ ಮುಂದೆ ಅವನಿಗೆ ಬರಬೇಕಾದ ಫ್ಯಾಮಿಲಿ ಪೆನ್ಷನ್ ತಪ್ಪುತ್ತೆ ಅನ್ನುವ ಭಯವೂ ಅವರಿಗಿದೆ. ಇನ್ನೂ ವಿಕಲಚೇತನರ ಸರ್ಟಿಫಿಕೇಟ್ ಮಾಡಿಸಿಲ್ಲ. ಆಟಿಸಂ ವಿಷಯ ಹೇಳಬೇಕಾ, ಮುಚ್ಚಿಡಬೇಕಾ? ಬೆಂಗಳೂರಿಗೇ ಹೋಗಿಬಿಡಬೇಕಾ? ಇಡೀ ದಿನದ ಕೆಲಸ ಇವನಿಂದ ಆಗುತ್ತಾ?
– ಹೆಸರು ಬೇಡ, ಹುಬ್ಬಳ್ಳಿ

ಉತ್ತರ: ನಮಸ್ಕಾರ ಅಮ್ಮಾ. ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ್ದು ಆಡಿಟರ್ ಹೇಳಿದ ಎರಡು ಶಬ್ದ: ‘ಕೆಲಸ ತಪ್ಪಿಲ್ಲ’. ನೀವು ಅದನ್ನು ಸೋಲಿನ ಲೆಕ್ಕಕ್ಕೆ ಹಾಕಿದ್ದೀರಿ. ನಾನು ಅದನ್ನು ಅನುಭವ ಪತ್ರ ಅಂತ ಓದುತ್ತೇನೆ. ಕೆಲಸ ಬರುವ ಹುಡುಗ ಬಾಗಿಲ ಹೊರಗೇ ಉಳಿದಿದ್ದಾನೆ ಅಂದರೆ ತೊಂದರೆ ಎರಡು ಕಡೆ ಇದೆ. ಒಂದು, ಒಳಗೆ ಹೋಗುವ ದಾರಿ, ಅಂದರೆ ಇಂಟರ್‌ವ್ಯೂ. ಇನ್ನೊಂದು, ಸೇರಿದ ಮೇಲಿನ ಮೊದಲ ಮೂರು ತಿಂಗಳು. ಅವನಿಗೆ ಇನ್ನೊಂದು ಕೋರ್ಸ್ ಮಾಡಿಸುವ ಬದಲು ಈ ಎರಡು ಕಡೆ ಗಮನ ಕೊಟ್ಟರೆ ಇಡೀ ದಿನದ ಕೆಲಸ ಖಂಡಿತ ಸಾಧ್ಯ. ಸುಲಭ ಅಂತ ಮಾತ್ರ ಹೇಳಲಾರೆ.

ಆ ಎರಡು ತಿಂಗಳಲ್ಲಿ ಏನೇನಾಯಿತು ಅಂತ ಮೊದಲು ಬಿಡಿಸಿ ನೋಡಿ. ನಮ್ಮ ಆಫೀಸುಗಳಲ್ಲಿ ಯಾರೂ ಕೆಲಸವನ್ನು ಪೂರ್ತಿ ಹೇಳುವುದಿಲ್ಲ. ‘ಇದೊಂಚೂರು ನೋಡಿಬಿಡು’ ಅಂದರೆ ಎಲ್ಲಿಯವರೆಗೆ ನೋಡಬೇಕು, ಯಾವಾಗ ಕೊಡಬೇಕು, ತಪ್ಪು ಸಿಕ್ಕರೆ ತಿದ್ದಬೇಕಾ, ಹೇಳಬೇಕಾ? ಬೇರೆಯವರು ಸುತ್ತಲಿನವರನ್ನು ನೋಡಿ ಊಹಿಸಿಕೊಳ್ಳುತ್ತಾರೆ. ಆಟಿಸಂ ಇರುವ ಬಹಳ ಜನರಿಗೆ ಕಷ್ಟವಾಗುವುದು ಈ ಊಹೆಯೇ. ಕಕ್ಷಿದಾರರ ಎದುರು ಆಡಿಟರ್ ತಪ್ಪು ತೋರಿಸಿದ ಅಂದಿರಲ್ಲ, ಅದು ಉದ್ಧಟತನ ಅಲ್ಲ. ತಪ್ಪು ಇತ್ತು, ಹೇಳಿದ. ‘ತಪ್ಪು ಕಂಡರೆ ಈ ಪುಸ್ತಕದಲ್ಲಿ ಬರೆದಿಡು, ಸಂಜೆ ಐದಕ್ಕೆ ನನಗೆ ತೋರಿಸು’ ಅಂತ ಅವರು ಮೊದಲ ದಿನವೇ ಹೇಳಿದ್ದರೆ ಈ ಪ್ರಸಂಗ ನಡೆಯುತ್ತಲೇ ಇರಲಿಲ್ಲವೇನೋ. ಲೆಕ್ಕದಲ್ಲಿ ತಪ್ಪು ಹುಡುಕುವವನನ್ನು ಆಡಿಟರ್ ಒಬ್ಬರು ತಪ್ಪು ತೋರಿಸಿದ ಅಂತ ಬಿಡಿಸಿದ್ದು ಸ್ವಲ್ಪ ತಮಾಷೆಯೇ, ಅಲ್ವಾ?

ಇನ್ನು ಅವನು ಎಲ್ಲಿ ಕೂರುತ್ತಿದ್ದ? ಬಾಗಿಲ ಹತ್ತಿರವಾ? ಫೋನ್ ಎತ್ತುವ ಕೆಲಸ ಇತ್ತಾ? ಮಧ್ಯಾಹ್ನ ಎಲ್ಲರ ಜೊತೆ ಊಟಕ್ಕೆ ಕೂರಲೇಬೇಕಿತ್ತಾ? ಕೆಲಸ ಹೇಳುವವರು ಎಷ್ಟು ಜನ? ಇದನ್ನೆಲ್ಲ ಅವನನ್ನೇ ಕೇಳಿ. ಬಾಯಲ್ಲಿ ಹೇಳದಿದ್ದರೆ ವಾಟ್ಸಾಪ್‌ನಲ್ಲಿ ಕೇಳಿ, ಬರೆದು ಉತ್ತರ ಕೊಡಲಿ. ಅಂದ ಹಾಗೆ, ಇಷ್ಟು ದೊಡ್ಡ ಪತ್ರದಲ್ಲಿ ನಿಮ್ಮ ಮಾತಿದೆ, ಯಜಮಾನರ ಮಾತಿದೆ, ಆಡಿಟರ್ ಮಾತಿದೆ. ಮಗನಿಗೆ ಏನು ಬೇಕು ಅನ್ನುವ ಒಂದು ಸಾಲೂ ಇಲ್ಲ. 25 ವರ್ಷದವನು, ನೀವು ಹುಡುಕುತ್ತಿರುವುದು ಅವನ ಕೆಲಸ. ನಾನು ಕೆಳಗೆ ಹೇಳುವುದೆಲ್ಲ ಅವನು ಒಪ್ಪಿದರೆ ಮಾತ್ರ.

ಈಗ ಯಾವ ಕೆಲಸ ಅನ್ನುವುದು. ‘ಆಟಿಸಂ ಇರೋರಿಗೆ ಯಾವ ಕೆಲಸ ಇದೆ’ ಅಂತ ಹುಡುಕಬೇಡಿ. ಹಾಗೆ ಹುಡುಕಿದರೆ ಒಂದೋ ಸಾಫ್ಟ್‌ವೇರ್ ಟೆಸ್ಟಿಂಗ್ ಸಿಗುತ್ತೆ, ಇಲ್ಲವೇ ಮೇಣದಬತ್ತಿ, ಕಾಗದದ ಚೀಲ. ಟೆಸ್ಟಿಂಗ್ ಮಾತು ಬಂದದ್ದಕ್ಕೂ ಕಾರಣ ಇದೆ. ಡೆನ್ಮಾರ್ಕ್‌ನ ಥಾರ್ಕಿಲ್ ಸೊನ್ನೆ ಅನ್ನುವವರು ತಮ್ಮ ಮಗನಿಗೆ ಆಟಿಸಂ ಇದೆ ಅಂತ ಗೊತ್ತಾದ ಮೇಲೆ 2004ರಲ್ಲಿ ಸ್ಪೆಷಲಿಸ್ಟರ್ನ ಅನ್ನುವ ಕಂಪನಿ ಕಟ್ಟಿದರು. ಆಟಿಸಂ ಇರುವವರನ್ನೇ ಟೆಸ್ಟಿಂಗ್‌ನಂಥ ಕೆಲಸಕ್ಕೆ ತೆಗೆದುಕೊಂಡರು. ಜರ್ಮನಿಯ ಸಾಫ್ಟ್‌ವೇರ್ ಕಂಪನಿ ಸ್ಯಾಪ್ 2013ರಲ್ಲಿ ಅವರ ಜೊತೆ ಸೇರಿ ಇಂಥ ನೇಮಕಾತಿಯನ್ನು ಜಗತ್ತಿನ ತನ್ನ ಶಾಖೆಗಳಿಗೆಲ್ಲ ಹರಡುತ್ತೇವೆ ಅಂತ ಘೋಷಿಸಿತು. ಅದಕ್ಕೂ ಮುಂಚಿನ ಪ್ರಯೋಗಗಳಲ್ಲಿ ಒಂದು ನಡೆದದ್ದು ಭಾರತದಲ್ಲೇ. ಈ ಕಥೆಯಿಂದ ಎಲ್ಲರೂ ‘ಆಟಿಸಂ ಅಂದರೆ ಕಂಪ್ಯೂಟರ್ ಜಾಣ’ ಅನ್ನುವುದನ್ನು ಹಿಡಿದುಕೊಂಡರು. ನಾವು ಹಿಡಿದುಕೊಳ್ಳಬೇಕಾದದ್ದು ಬೇರೆ. ಸೊನ್ನೆಯವರು ಮಾಮೂಲಿ ಇಂಟರ್‌ವ್ಯೂ ಬಿಟ್ಟರು. ಬಂದವರ ಕೈಗೆ ಲೆಗೋ ರೋಬಾಟ್ ಸಾಮಾನು ಕೊಟ್ಟು, ಹೇಗೆ ಕೆಲಸ ಮಾಡುತ್ತಾರೆ ಅಂತ ಕೂತು ನೋಡಿದರು. ಅಂದರೆ ಮಾತು ಕೇಳಲಿಲ್ಲ, ಕೆಲಸ ನೋಡಿದರು.

ನಿಮ್ಮ ಮಗನಿಗೂ ಅದೇ ದಾರಿ. ‘ನಿಮ್ಮ ಬಗ್ಗೆ ಹೇಳಿ’ ಅನ್ನುವ ಪ್ರಶ್ನೆಗೆ ಎಷ್ಟು ತಾಲೀಮು ಕೊಟ್ಟರೂ ಅವನು ಬಾಯಿಪಾಠ ಒಪ್ಪಿಸಬಹುದು, ಅಷ್ಟೇ. ಅದರ ಬದಲು ಕೆಲಸ ಕೊಡುವವರ ಹತ್ತಿರ ಒಂದೇ ಒಂದು ನಿರ್ದಿಷ್ಟ ಕೆಲಸ ಹಿಡಿದು ಹೋಗಿ. ಹುಬ್ಬಳ್ಳಿ ವ್ಯಾಪಾರದ ಊರು. ಅಮರಗೋಳದ ಎಪಿಎಂಸಿ ಇದೆ, ಔಷಧಿ, ಹಾರ್ಡ್‌ವೇರ್, ಬಟ್ಟೆಯ ಹೋಲ್‌ಸೇಲ್ ಅಂಗಡಿಗಳಿವೆ, ಅವರಿಗೆಲ್ಲ ಜಿಎಸ್‌ಟಿ ಇದೆ. ತಿಂಗಳ 14ಕ್ಕೆ ಜಿಎಸ್‌ಟಿ ಪೋರ್ಟಲ್‌ನಲ್ಲಿ 2ಬಿ ಪಟ್ಟಿ ಬರುತ್ತೆ. ಮಾಲು ಕೊಟ್ಟವರು ಯಾವ ಯಾವ ಬಿಲ್ ತೋರಿಸಿದ್ದಾರೆ ಅನ್ನುವುದು ಅದರಲ್ಲಿರುತ್ತೆ. ತಿಂಗಳು ತಿಂಗಳು ರಿಟರ್ನ್ ಹಾಕುವ ವ್ಯಾಪಾರಿ 3ಬಿ, ಅಂದರೆ ಆ ತಿಂಗಳ ತೆರಿಗೆ ಲೆಕ್ಕದ ರಿಟರ್ನ್, ಸಲ್ಲಿಸಲು ಕೊನೆ ದಿನ ಸಾಮಾನ್ಯವಾಗಿ 20. ಈ ನಡುವಿನ ದಿನಗಳಲ್ಲಿ ಖರೀದಿ ರಿಜಿಸ್ಟರ್ ಜೊತೆ ಆ ಪಟ್ಟಿಯನ್ನು ಒಂದೊಂದೇ ಸಾಲು ತಾಳೆ ನೋಡಬೇಕು. ಬಿಲ್ ನಂಬರಿನಲ್ಲಿ ಒಂದು ಗೀಟು ಹೆಚ್ಚುಕಡಿಮೆ, ಒಂದು ಜಿಎಸ್‌ಟಿ ನಂಬರ್ ತಪ್ಪು, ಒಂದು ಬಿಲ್ ಕಾಣೆ. ಬೇರೆ ಗುಮಾಸ್ತರು ಬೇಜಾರಾಗಿ ಬಿಡುವ ಕೆಲಸ ಇದು. ಒಂದು ಬಿಲ್ ತಪ್ಪಿದರೂ ವ್ಯಾಪಾರಿಗೆ ಆ ತೆರಿಗೆಯ ಕ್ರೆಡಿಟ್ ಸಿಗುವುದಿಲ್ಲ, ಅಂದರೆ ಖರೀದಿಯಲ್ಲಿ ಕೊಟ್ಟ ತೆರಿಗೆಯನ್ನು ತಾನು ಕಟ್ಟಬೇಕಾದದ್ದರಲ್ಲಿ ಕಳೆಯಲು ಆಗುವುದಿಲ್ಲ. ಹಾಗಾಗಿ ಇದಕ್ಕೆ ಬೆಲೆಯೂ ಇದೆ.

ಆಡಿಟರ್ ಹತ್ತಿರವೋ, ಹೋಲ್‌ಸೇಲ್ ವ್ಯಾಪಾರಿ ಹತ್ತಿರವೋ ಹೋಗಿ, ‘ಕೆಲಸ ಕೊಡಿ’ ಅನ್ನಬೇಡಿ. ‘ಹಳೆಯ ಒಂದು ತಿಂಗಳ 2ಬಿ ಮತ್ತು ಖರೀದಿ ಪಟ್ಟಿ ಕೊಡಿ, ಇವನು ಇಲ್ಲೇ ಕೂತು ತಾಳೆ ಮಾಡಿಕೊಡುತ್ತಾನೆ, ನೋಡಿ ಹೇಳಿ’ ಅನ್ನಿ. ಬ್ಯಾಂಕ್ ಸ್ಟೇಟ್‌ಮೆಂಟನ್ನು ಟ್ಯಾಲಿ ಜೊತೆ ಹೊಂದಿಸುವುದೂ ಇಂಥದ್ದೇ ಕೆಲಸ. ಆಸ್ಪತ್ರೆಯ ಹಳೆಯ ಕಡತಗಳ ಕೊಠಡಿ, ಔಷಧಿ ಗೋದಾಮಿನ ಸ್ಟಾಕ್ ಮತ್ತು ಎಕ್ಸ್‌ಪೈರಿ ತಾರೀಖು, ಕಾಲೇಜಿನ ಗ್ರಂಥಾಲಯ, ಇವೂ ಅವನಂಥವರು ಚೆನ್ನಾಗಿ ನಿಭಾಯಿಸುವ ಜಾಗಗಳು. ಆಡಿಟರ್‌ಗಳ ಹತ್ತಿರ ಹೋಗುವುದಾದರೆ ಸಮಯ ನೋಡಿಕೊಳ್ಳಿ. ಜುಲೈನಲ್ಲಿ ಐಟಿ ರಿಟರ್ನ್, ಸೆಪ್ಟೆಂಬರ್‌ನಲ್ಲಿ ಟ್ಯಾಕ್ಸ್ ಆಡಿಟ್, ತಲೆ ಎತ್ತಲೂ ಪುರುಸೊತ್ತಿರುವುದಿಲ್ಲ. ಅಂಥ ಗಲಾಟೆಯಲ್ಲಿ ಹೊಸಬನನ್ನು ಸೇರಿಸಿದರೆ ಹಿಂದಿನ ಕಥೆಯೇ ಮತ್ತೆ.

ಯಜಮಾನರ ಅಂಗಡಿ ಯೋಚನೆಗೆ ನಾನು ಪೂರ್ತಿ ವಿರುದ್ಧ. ಅಂಗಡಿ ಅಂದರೆ ಏನು ಹೇಳಿ? ಬೆಳಗಿನಿಂದ ರಾತ್ರಿಯವರೆಗೆ ಯಾರು ಯಾರೋ ಬರುತ್ತಾರೆ, ಚೌಕಾಸಿ ಮಾಡುತ್ತಾರೆ, ಉದ್ರಿ ಕೇಳುತ್ತಾರೆ, ‘ನಾಳೆ ಕೊಡ್ತೀನಿ’ ಅಂದು ಹೋಗುತ್ತಾರೆ. ಮುಖ ನೋಡಿ ಮನುಷ್ಯನನ್ನು ಅಳೆಯುವ ಕೆಲಸ ಅದು. ಅವನಿಗೆ ಯಾವುದು ಕಷ್ಟವೋ ಅದನ್ನೇ ದಿನವಿಡೀ ಮಾಡಿಸಿದ ಹಾಗೆ. ಕೊನೆಗೆ ಗಲ್ಲೆಯ ಮೇಲೆ ಕೂರುವವರು ನಿಮ್ಮ ಯಜಮಾನರೇ, ಒಳಗೆ ಕೂರುವವನು ಮಗ.

ಹೇಳಬೇಕಾ, ಮುಚ್ಚಿಡಬೇಕಾ? ನನ್ನ ಅಭಿಪ್ರಾಯದಲ್ಲಿ ಹೇಳಬೇಕು. ಮುಚ್ಚಿಟ್ಟರೆ ಜನ ತಾವೇ ಒಂದು ಹೆಸರು ಕೊಡುತ್ತಾರೆ: ಗರ್ವ, ಸೋಮಾರಿತನ, ಹುಚ್ಚು. ಆದರೆ ಕಾಯಿಲೆಯ ವಿವರ ಹೇಳುವ ಹಾಗೆ ಹೇಳಬೇಡಿ, ಕೆಲಸದ ಭಾಷೆಯಲ್ಲಿ ಹೇಳಿ. ಮಗನ ಜೊತೆ ಕೂತು ಒಂದು ಹಾಳೆ ಬರೆಯಿರಿ. ಸುಮಾರು ಹೀಗಿರಲಿ: ‘ನನಗೆ ಆಟಿಸಂ ಇದೆ. ಲೆಕ್ಕ ತಾಳೆ ನೋಡುವುದು, ಟ್ಯಾಲಿ ಎಂಟ್ರಿ ನನಗೆ ಚೆನ್ನಾಗಿ ಬರುತ್ತೆ. ಕೆಲಸವನ್ನು ಬರೆದು ಕೊಟ್ಟರೆ ಅನುಕೂಲ. ಯಾವುದು ಮೊದಲು, ಎಷ್ಟೊತ್ತಿಗೆ ಬೇಕು ಅಂತ ಹೇಳಿ. ಕೆಲಸ ಹೇಳುವವರು ಒಬ್ಬರೇ ಇದ್ದರೆ ಒಳ್ಳೆಯದು. ಗಲಾಟೆ ಜಾಸ್ತಿಯಾದರೆ ಕಿವಿಗೆ ಹೆಡ್‌ಫೋನ್ ಹಾಕಿಕೊಳ್ಳುತ್ತೇನೆ. ಮುಖ ನೋಡದೆ ಮಾತಾಡಿದರೆ ಕೇಳಿಸಿಕೊಳ್ಳುತ್ತಿಲ್ಲ ಅಂತ ಅರ್ಥ ಅಲ್ಲ. ನಾನು ಏನಾದರೂ ತಪ್ಪು ಮಾಡಿದರೆ ಸುತ್ತಿ ಬಳಸಿ ಸೂಚಿಸಬೇಡಿ, ನೇರವಾಗಿ ಹೇಳಿ.’ ಇಷ್ಟು ಸಾಕು. ಇದರಲ್ಲಿ ಕೆಲಸ ಕೊಡುವವರಿಗೆ ಖರ್ಚಾಗುವಂಥದ್ದು ಒಂದೂ ಇಲ್ಲ, ಗಮನಿಸಿ. ಇಂಟರ್‌ವ್ಯೂ ಮಾಡಲೇಬೇಕು ಅಂದರೆ ಪ್ರಶ್ನೆಗಳನ್ನು ಹಿಂದಿನ ದಿನ ಬರೆದು ಕಳಿಸಿ ಅಂತ ಕೇಳಿ. ಕೇಳುವುದರಲ್ಲಿ ಸಂಕೋಚ ಬೇಡ.

ಸಂಕೋಚ ಬೇಡ ಅನ್ನುವುದಕ್ಕೆ ಕಾನೂನೂ ಇದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 2017ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಅದರಲ್ಲಿ ಆಟಿಸಂ ಸೇರಿದೆ. ಸರ್ಕಾರಿ ಕಚೇರಿಗಳು ವಿಕಲಚೇತನ ನೌಕರರಿಗೆ ತಕ್ಕ ಅನುಕೂಲ ಮಾಡಿಕೊಡಬೇಕು. ಖಾಸಗಿ ಸಂಸ್ಥೆಗಳೂ ಸಮಾನ ಅವಕಾಶದ ನೀತಿಯನ್ನು ಬರೆದು ಪ್ರಕಟಿಸಬೇಕು. 20 ಅಥವಾ ಹೆಚ್ಚು ನೌಕರರಿದ್ದರೆ ಇದನ್ನು ನೋಡಿಕೊಳ್ಳಲು ಒಬ್ಬ ಅಧಿಕಾರಿಯನ್ನೂ ಗೊತ್ತುಮಾಡಬೇಕು. ದೊಡ್ಡ ಕಂಪನಿಗೆ ಅರ್ಜಿ ಹಾಕುವಾಗ ಆ ಅಧಿಕಾರಿಗೇ ಮೇಲ್ ಕಳಿಸಿ. ಆದರೆ ಒಂದು ಮಾತು. ಖಾಸಗಿಯವರಿಗೆ ಮೀಸಲಾತಿಯ ಕಡ್ಡಾಯ ಇಲ್ಲ. ಶೇ 5ರಷ್ಟು ವಿಕಲಚೇತನರನ್ನು ತೆಗೆದುಕೊಳ್ಳುವಂತೆ ಸರ್ಕಾರ ಪ್ರೋತ್ಸಾಹ ಕೊಡಬೇಕು ಅಂತಷ್ಟೇ ಕಾಯ್ದೆ ಹೇಳುತ್ತೆ. ಆದ್ದರಿಂದ ಸಣ್ಣ ಆಫೀಸಿನಲ್ಲಿ ಕಾನೂನು ತೋರಿಸಿ ಕೆಲಸ ಪಡೆಯಲು ಹೋಗಬೇಡಿ, ಆಗಲ್ಲ.

ಸರ್ಟಿಫಿಕೇಟ್ ಮಾಡಿಸಿಲ್ಲ ಅಂದಿರಿ. ಈ ವಾರವೇ ಶುರುಮಾಡಿ. ವಿಕಲಚೇತನರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್‌ಗೆ ಸ್ವಾವಲಂಬನ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು. ಆಟಿಸಂ ಅಳೆಯಲು ಐಸಾ ಅನ್ನುವ, 40 ಅಂಶಗಳಿರುವ ಭಾರತೀಯ ಮಾಪಕವನ್ನು ಬಳಸುತ್ತಾರೆ. ‘ಡಿಗ್ರಿ ಮಾಡಿದವನಿಗೆ ಯಾರು ಕೊಡ್ತಾರೆ’ ಅಂತ ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ, ಓದಿದವರಿಗೂ ಸಿಗುತ್ತೆ. ಆಯಿಷ್‌ನ ಹಳೆಯ ಕಾಗದಗಳನ್ನೆಲ್ಲ ಜೋಡಿಸಿಕೊಳ್ಳಿ. ನಿಮಗೆ ಪಕ್ಕದಲ್ಲೇ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇದೆ, ಪರೀಕ್ಷೆಯ ಬಗ್ಗೆ ಅಲ್ಲಿ ವಿಚಾರಿಸಿ.

ಸರ್ಟಿಫಿಕೇಟ್‌ನಲ್ಲಿ ವೈಕಲ್ಯದ ಪ್ರಮಾಣ ಶೇ 40 ಅಥವಾ ಹೆಚ್ಚು ಬಂದರೆ ಸರ್ಕಾರಿ ಕೆಲಸದ ಬಾಗಿಲೂ ತೆರೆಯುತ್ತೆ. ಕೇಂದ್ರದ ಹುದ್ದೆಗಳಲ್ಲಿ ವಿಕಲಚೇತನರಿಗೆ ಇರುವ ಶೇ 4ರಲ್ಲಿ ಶೇ 1 ಆಟಿಸಂ, ಬುದ್ಧಿಮಾಂದ್ಯ, ಕಲಿಕಾ ನ್ಯೂನತೆ, ಮಾನಸಿಕ ಕಾಯಿಲೆ ಮತ್ತು ಬಹುವಿಧ ವೈಕಲ್ಯ ಇರುವವರಿಗೆ. ಬ್ಯಾಂಕ್ ನೇಮಕಾತಿ ಪರೀಕ್ಷೆ ನಡೆಸುವ ಐಬಿಪಿಎಸ್ ಕ್ಲರ್ಕ್ ಹುದ್ದೆಗೆ ಕರೆಯುವಾಗ ಹುದ್ದೆಗಳ ಪಟ್ಟಿಯಲ್ಲಿ ‘ಐಡಿ’ ಅನ್ನುವ ಕಾಲಂ ಇರುತ್ತೆ, ಅದೇ ಇದು. ಕೇಂದ್ರದ ನೇರ ನೇಮಕಾತಿಯಲ್ಲಿ ವಯಸ್ಸಿನಲ್ಲಿ ಸಾಮಾನ್ಯವಾಗಿ 10 ವರ್ಷ ಸಡಿಲಿಕೆ ಇದೆ. ಬರೆಯಲು ತೊಂದರೆ ಇರುವವರಿಗೆ ಪರೀಕ್ಷೆಯಲ್ಲಿ ಗಂಟೆಗೆ 20 ನಿಮಿಷ ಹೆಚ್ಚು ಸಮಯ ಸಿಗುತ್ತೆ. ಕ್ಲರ್ಕ್ ಹುದ್ದೆಗೆ ಇಂಟರ್‌ವ್ಯೂ ಇಲ್ಲ ಅನ್ನುವುದು ನಿಮ್ಮ ಮಗನ ಪಾಲಿಗೆ ದೊಡ್ಡ ವಿಷಯ. ಬರೆಯಲಿ, ಪ್ರತಿ ವರ್ಷ ಬರೆಯಲಿ. ಆದರೆ ‘ಪರೀಕ್ಷೆಗೆ ಓದ್ತಿದ್ದಾನೆ’ ಅಂತ ನಾಲ್ಕು ವರ್ಷ ಮನೆಯಲ್ಲಿ ಕೂರಿಸಬೇಡಿ. ಬೆಳಿಗ್ಗೆ ಎದ್ದು ಹೊರಡುವ ಅಭ್ಯಾಸ ಒಮ್ಮೆ ತಪ್ಪಿದರೆ ಮತ್ತೆ ಕೂಡಿಸುವುದು ಬಹಳ ಕಷ್ಟ.

ಇನ್ನು ಮೊದಲ ಮೂರು ತಿಂಗಳು. ನಮ್ಮಲ್ಲಿ ಮೊದಲು ತರಬೇತಿ, ಆಮೇಲೆ ಕೆಲಸ ಅನ್ನುವ ರೂಢಿ. ಆಟಿಸಂ ಇರುವವರ ವಿಷಯದಲ್ಲಿ ತಿರುಗಾ ಮುರುಗಾ ಮಾಡಿದರೆ ಒಳ್ಳೆಯದು: ಮೊದಲು ಕೆಲಸದ ಜಾಗ, ಅಲ್ಲೇ ತರಬೇತಿ. ತರಬೇತಿ ಕೇಂದ್ರದಲ್ಲಿ ಕಲಿತದ್ದನ್ನು ಬೇರೆ ಮೇಜು, ಬೇರೆ ಜನರ ನಡುವೆ ಮಾಡು ಅಂದರೆ ಅವರಿಗೆ ಅದು ಮತ್ತೆ ಹೊಸ ಕೆಲಸವೇ. ಇದಕ್ಕೆ ಜಾಬ್ ಕೋಚ್ ಅಂತ ಒಬ್ಬರು ಬೇಕು. ಮೊದಲ ವಾರಗಳಲ್ಲಿ ಅವರು ಪಕ್ಕದಲ್ಲಿರುತ್ತಾರೆ. ಕೆಲಸವನ್ನು ಹಂತ ಹಂತವಾಗಿ ಬರೆದು ಕೊಡುತ್ತಾರೆ, ಮಾಲೀಕರಿಗೂ ಹೇಗೆ ಹೇಳಬೇಕು ಅಂತ ತೋರಿಸುತ್ತಾರೆ, ನಿಧಾನವಾಗಿ ದೂರ ಸರಿಯುತ್ತಾರೆ. ಬೆಂಗಳೂರಿನ ಎನೇಬಲ್ ಇಂಡಿಯಾ 1999ರಿಂದ ವಿಕಲಚೇತನರ ಉದ್ಯೋಗದ ಕೆಲಸವನ್ನೇ ಮಾಡುತ್ತಿದೆ, ಇಂಥದ್ದೇ ಇನ್ನೊಂದು ಸಂಸ್ಥೆ ಸಮರ್ಥನಂ ಇದೆ. ಕೇಂದ್ರ ಕಾರ್ಮಿಕ ಇಲಾಖೆಯದ್ದೂ ವಿಕಲಚೇತನರಿಗಾಗಿಯೇ ಇರುವ ನ್ಯಾಷನಲ್ ಕೆರಿಯರ್ ಸರ್ವೀಸ್ ಕೇಂದ್ರ ಬೆಂಗಳೂರಿನಲ್ಲಿದೆ. ಈ ಮೂರು ಕಡೆಯೂ ಹೆಸರು ನೋಂದಾಯಿಸಿ. ಹುಬ್ಬಳ್ಳಿಯಲ್ಲಿ ಕೋಚ್ ಸಿಗದಿದ್ದರೆ ಎಂಎಸ್‌ಡಬ್ಲ್ಯೂ (ಸಮಾಜಕಾರ್ಯ) ಓದುವ ವಿದ್ಯಾರ್ಥಿಯೊಬ್ಬರನ್ನು ಹುಡುಕಿ, ದಿನಕ್ಕೆ ಇಷ್ಟು ಅಂತ ಕೊಟ್ಟು ಒಂದೆರಡು ತಿಂಗಳು ಕಳಿಸಿ. ಆ ದುಡ್ಡು ಇನ್ನೊಂದು ಕೋರ್ಸಿಗೆ ಕಟ್ಟುವುದಕ್ಕಿಂತ ಸಾರ್ಥಕ. ನೀವೇ ಹೋಗಿ ಪಕ್ಕದಲ್ಲಿ ಕೂರಬೇಡಿ, ದಯವಿಟ್ಟು. ಅಮ್ಮ ಜೊತೆಗಿದ್ದರೆ ಆಫೀಸಿನವರು ಅವನನ್ನು ಸಹೋದ್ಯೋಗಿ ಅಂತ ನೋಡುವುದೇ ಇಲ್ಲ.

ಇಡೀ ದಿನ ಆಗುತ್ತಾ ಅಂತ ಕೇಳಿದಿರಿ. ಶುರುವಿನಲ್ಲಿ ನಾಲ್ಕು ತಾಸು ಸಾಕು. ಕೆಲಸಕ್ಕಿಂತ ಜಾಸ್ತಿ ಸುಸ್ತು ಬರುವುದು ಜನರ ನಡುವೆ ಇರುವುದರಿಂದ, ಟ್ಯೂಬ್‌ಲೈಟ್‌ನಿಂದ, ಫೋನ್ ಗಂಟೆಯಿಂದ. ದಿನವಿಡೀ ‘ಸರಿಯಾಗಿ’ ಇರಲು ಹೆಣಗಿ ಬಂದವನು ಸಂಜೆ ಮನೆಯಲ್ಲಿ ಸಿಡುಕಬಹುದು, ಬಾಗಿಲು ಹಾಕಿಕೊಳ್ಳಬಹುದು. ಅದನ್ನು ನೋಡಿ ಗಾಬರಿಯಾಗಿ ಕೆಲಸ ಬಿಡಿಸಬೇಡಿ. ಬಂದ ಕೂಡಲೇ ‘ಇವತ್ತು ಏನಾಯ್ತು’ ಅಂತ ಕೇಳದೆ ಒಂದು ತಾಸು ಅವನ ಪಾಡಿಗೆ ಬಿಡಿ. ಆದರೆ ತಿಂಗಳಾದರೂ ಊಟ ನಿದ್ದೆ ಸರಿಹೋಗದಿದ್ದರೆ ಡಾಕ್ಟರ ಹತ್ತಿರ ಮಾತಾಡಲೇಬೇಕು. ನಾಲ್ಕು ತಾಸಿನಿಂದ ಆರಕ್ಕೆ ಯಾವಾಗ, ಎಂಟಕ್ಕೆ ಯಾವಾಗ ಅಂತ ಮೊದಲೇ ತಾರೀಖು ಹಾಕಿ ಬರೆಸಿಕೊಳ್ಳಿ. ಇಲ್ಲದಿದ್ದರೆ ‘ಇನ್ನೂ ಟ್ರೇನಿಂಗ್‌ನಲ್ಲಿದ್ದಾನೆ’ ಅಂತ ಮೂರು ಸಾವಿರ ಕೊಟ್ಟು ವರ್ಷಗಟ್ಟಲೆ ದುಡಿಸಿಕೊಳ್ಳುವವರಿದ್ದಾರೆ. ಪಾಪ ಅಂತ ಕೆಲಸ ಕೊಟ್ಟವರು ಸಂಬಳವನ್ನೂ ಪಾಪ ಅಂತಲೇ ಕೊಡುತ್ತಾರೆ. ಅದೇ ಕೆಲಸ ಮಾಡುವ ಇನ್ನೊಬ್ಬ ಗುಮಾಸ್ತನಿಗೆ ಎಷ್ಟೋ ಇವನಿಗೂ ಅಷ್ಟೇ, ಅವನ ಖಾತೆಗೇ. ಓಡಾಟವೂ ಅವನದೇ ಆಗಲಿ. ಹುಬ್ಬಳ್ಳಿ-ಧಾರವಾಡದ ಚಿಗರಿ ಬಸ್ ದಾರಿಯಲ್ಲೇ ಆಫೀಸು ಸಿಕ್ಕರೆ ಒಳ್ಳೆಯದು, ನಿಲ್ದಾಣದ ಹೆಸರು ಹೇಳುತ್ತಾರೆ, ದಾರಿ ಬದಲಾಗುವುದಿಲ್ಲ. ಸೇರುವ ಮುಂಚೆ ಒಂದು ವಾರ ಸುಮ್ನೆ ಹೋಗಿ ಬಂದು ಅಭ್ಯಾಸ ಮಾಡಿಕೊಳ್ಳಲಿ.

ಬೆಂಗಳೂರು? ಕೈಯಲ್ಲಿ ಕೆಲಸದ ಆರ್ಡರ್ ಇಲ್ಲದೆ ಬೇಡ. ಅವಕಾಶ ಅಲ್ಲಿ ಜಾಸ್ತಿ, ನಿಜ. ವಿಂಧ್ಯ ಇ-ಇನ್ಫೋಮೀಡಿಯಾದಂಥ, ವಿಕಲಚೇತನರೇ ಹೆಚ್ಚಾಗಿರುವ ಕಂಪನಿ ಅಲ್ಲಿದೆ. ಆದರೆ ಹೊಸ ಊರು, ಹೊಸ ಮನೆ, ಎರಡು ತಾಸಿನ ಟ್ರಾಫಿಕ್, ಅದರ ಮೇಲೆ ಹೊಸ ಕೆಲಸ, ಎಲ್ಲ ಒಟ್ಟಿಗೆ ಹೇರಿದರೆ ಯಾರಿಗಾದರೂ ಕಷ್ಟವೇ. ಹುಬ್ಬಳ್ಳಿಯಲ್ಲಿ ಏನಾಗುತ್ತೆ ಅನ್ನುವವರಿಗೆ ಮಿಟ್ಟಿ ಕೆಫೆ ನೆನಪಿಸಿ. ವಿಕಲಚೇತನರೇ ನಡೆಸುವ ಆ ಕೆಫೆ 2017ರಲ್ಲಿ ಶುರುವಾದದ್ದು ನಿಮ್ಮ ಊರಿನಲ್ಲೇ. 2023ರಲ್ಲಿ ಸುಪ್ರೀಂ ಕೋರ್ಟ್ ಆವರಣದಲ್ಲೂ ತೆರೆಯಿತು. ಮೊದಲು ಊರಿನಲ್ಲೇ ಒಂದೆರಡು ವರ್ಷದ ಅನುಭವ ಆಗಲಿ, ಆಮೇಲೆ ಅವನಿಗೆ ಬೇಕೆನಿಸಿದರೆ ಹೋಗಲಿ.

ಕೊನೆಗೆ ಪೆನ್ಷನ್. ಯಜಮಾನರ ಭಯಕ್ಕೆ ಆಧಾರ ಇದೆ, ಆದರೆ ಅವರು ಅಂದುಕೊಂಡಷ್ಟು ಇಲ್ಲ. ಕೇಂದ್ರ ಸರ್ಕಾರದ ಪಿಂಚಣಿದಾರರ ವಿಕಲಚೇತನ ಮಕ್ಕಳಿಗೆ, ಸ್ವಂತ ದುಡಿಮೆಯಿಂದ ಬದುಕಲು ಆಗದಿದ್ದರೆ, ಜೀವನಪೂರ್ತಿ ಫ್ಯಾಮಿಲಿ ಪೆನ್ಷನ್ ಇದೆ. ಮುಂಚೆ ಇದಕ್ಕಿದ್ದ ಆದಾಯದ ಮಿತಿ ತೀರಾ ಕಡಿಮೆ ಇತ್ತು. 2021ರಲ್ಲಿ ಅದನ್ನು ಬದಲಾಯಿಸಿದರು. ಈಗ ಮಗನ ಬೇರೆ ಆದಾಯ, ಅವನಿಗೆ ಬರಬೇಕಾದ ಸಾಮಾನ್ಯ ದರದ ಫ್ಯಾಮಿಲಿ ಪೆನ್ಷನ್‌ಗಿಂತ ಕಡಿಮೆ ಇದ್ದರೆ ಅರ್ಹತೆ ಇರುತ್ತೆ. ಸಾಮಾನ್ಯ ದರ ಅಂದರೆ ಕೊನೆಯ ಮೂಲ ವೇತನದ ಶೇ 30 ಮತ್ತು ಅದರ ಮೇಲಿನ ತುಟ್ಟಿ ಪರಿಹಾರ. ಕೊನೆಯ ವೇತನ 50,000 ಇದ್ದವರಿಗೆ ಅದು 15,000 ಮತ್ತು ತುಟ್ಟಿ ಪರಿಹಾರ. ಮಗನ ಸಂಬಳ ಅದನ್ನು ದಾಟಿದರೆ ಪೆನ್ಷನ್ ಸಿಗುವುದಿಲ್ಲ, ಆಗ ಅವನ ಕೈಯಲ್ಲಿ ಅದಕ್ಕಿಂತ ಜಾಸ್ತಿ ಸಂಬಳ ಇರುತ್ತೆ. ಮತ್ತೆ, ಇದು ನೀವಿಬ್ಬರೂ ಇಲ್ಲದ ಕಾಲದ ಮಾತು. ಅದಕ್ಕಾಗಿ ಈಗಿನಿಂದಲೇ ಅವನನ್ನು ಮನೆಯಲ್ಲಿ ಕೂರಿಸುವುದು ಯಾವ ಲೆಕ್ಕದಲ್ಲೂ ಸರಿಹೋಗಲ್ಲ. ವಿಕಲಚೇತನ ಮಗನ ಹೆಸರನ್ನು ಪೆನ್ಷನ್ ಆದೇಶದಲ್ಲಿ ತಾವು ಇರುವಾಗಲೇ ಸೇರಿಸಲು ಯಜಮಾನರಿಗೆ ಅವಕಾಶ ಇದೆ. ವೈದ್ಯಕೀಯ ಪ್ರಮಾಣಪತ್ರ ಕೈಗೆ ಬಂದ ಕೂಡಲೇ ತಮ್ಮ ಹಳೆಯ ವಿಭಾಗೀಯ ಅಂಚೆ ಕಚೇರಿಗೆ ಹೋಗಿ ಅರ್ಜಿ ಕೊಡಲಿ, ಮಗನ ಕೆಲಸದ ವಿಷಯವನ್ನೂ ಅಲ್ಲಿ ಮುಚ್ಚಿಡದೆ ಹೇಳಲಿ.